ಊರು ಆರಿಸುವಾಗ ಮನೆಯಲ್ಲಿ ಉಳಿಯುವವರನ್ನು ಕೇಳಿ

(ಕುಟುಂಬ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಕುಟುಂಬದ ಕುರಿತು ಮಾತನಾಡಲು ನನ್ನನ್ನು ಕರೆದಿದ್ದೀರಿ. ಕುಟುಂಬ ಎಂದೊಡನೆ ನಮ್ಮ ವೇದಿಕೆಗಳಲ್ಲಿ ವಿವಾಹ, ವರದಕ್ಷಿಣೆ, ಮಕ್ಕಳ ತರಬೇತಿ ಮುಂತಾದ ವಿಷಯಗಳು ಚರ್ಚೆಗೆ ಬರುತ್ತವೆ. ಅವೆಲ್ಲವೂ ಮುಖ್ಯವಾದುವುಗಳೇ. ಆದರೆ ಅವೆಲ್ಲಕ್ಕೂ ತಳಹದಿಯಾಗಿರುವ, ಆದರೂ ನಾವು ಚರ್ಚಿಸದ ಒಂದು ಪ್ರಶ್ನೆಯನ್ನು ಇಂದು ನಿಮ್ಮ ಮುಂದಿಡಲು ಬಯಸುತ್ತೇನೆ. ಕುಟುಂಬ ಎಲ್ಲಿ ನೆಲೆಸಬೇಕು ಎಂಬುದೇ ಆ ಪ್ರಶ್ನೆ.

ಇತ್ತೀಚಿನ ವರ್ಷಗಳಲ್ಲಿ ಹೆತ್ತವರು ನನ್ನೊಡನೆ ಹೆಚ್ಚಾಗಿ ಕೇಳುವ ಮಾತು ಇದು: “ಮಗನಿಗೆ ಬೆಂಗಳೂರಿನಲ್ಲಿ ಕೆಲಸವಾಗಿದೆ. ನಗರದೊಳಗೆ ಬಾಡಿಗೆ ಕೊಟ್ಟು ಬದುಕಲಾಗದು. ಸುತ್ತಲಿನ ಯಾವುದಾದರೂ ಊರಲ್ಲಿ ಮನೆ ಮಾಡಿ ದಿನಾ ಹೋಗಿ ಬರಬಹುದಲ್ಲವೇ? ಯಾವ ಊರು ಒಳ್ಳೆಯದು?” ಕೇಳುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಬಣ್ಣದ ಕರಪತ್ರ ಇರುತ್ತದೆ. ಅದರಲ್ಲಿ ನಿವೇಶನದ ಬೆಲೆ ಇರುತ್ತದೆ. ‘ಬೆಂಗಳೂರಿನಿಂದ ಕೇವಲ 45 ನಿಮಿಷ’ ಎಂದೂ ಬರೆದಿರುತ್ತದೆ. ಆ 45 ನಿಮಿಷ ಯಾವ ದಿನದ, ಯಾವ ಹೊತ್ತಿನ, ಯಾವ ವಾಹನದ ಲೆಕ್ಕ ಎಂದು ಮಾತ್ರ ಬರೆದಿರುವುದಿಲ್ಲ.

ಈ ಪ್ರಶ್ನೆಗೆ ಒಂದೇ ಊರಿನ ಹೆಸರು ಉತ್ತರವಾಗಲಾರದು. ಆದರೆ ಉತ್ತರವನ್ನು ಹುಡುಕುವ ಒಂದು ಸರಿಯಾದ ಕ್ರಮವಿದೆ. ನಾವು ಊರನ್ನು ಆರಿಸುವಾಗ ಕೆಲಸಕ್ಕೆ ಹೋಗುವ ಒಬ್ಬನ ಅನುಕೂಲವನ್ನು ನೋಡುತ್ತೇವೆ. ಇಡೀ ದಿನ ಆ ಊರಿನಲ್ಲಿ ಉಳಿಯುವ ನಾಲ್ಕೈದು ಮಂದಿಯನ್ನು ಮರೆತುಬಿಡುತ್ತೇವೆ. ಇದೇ ನಮ್ಮ ತಪ್ಪಿನ ಮೂಲ.

ಬಲವಂತವೇ, ಆಯ್ಕೆಯೇ?

ಮೊದಲಿಗೆ, ಜನರು ನಗರದಿಂದ ಹೊರಗೆ ಮನೆ ಹುಡುಕುವುದೇಕೆ ಎಂಬುದನ್ನು ನೋಡೋಣ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ಪದ್ಧತಿ ಬಹುಕಾಲದಿಂದ ಇದೆ. ಹೊಸದಾಗಿ ಕೆಲಸಕ್ಕೆ ಸೇರಿದ ಯುವಕನಿಗೆ ಅದೇ ಒಂದು ಬೆಟ್ಟ. ನಮ್ಮವರಿಗೆ ಇನ್ನೊಂದು ಕಷ್ಟವೂ ಇದೆ. ದೂರವಾಣಿಯಲ್ಲಿ “ಬಂದು ಮನೆ ನೋಡಿ” ಎಂದವರು ಹೆಸರು ಕೇಳಿದೊಡನೆ “ಅಯ್ಯೋ, ಈಗ ತಾನೇ ಬೇರೆಯವರಿಗೆ ಕೊಟ್ಟೆವು” ಎನ್ನುತ್ತಾರೆ. ಈ ಮಾತನ್ನು ಕೇಳದ ಕುಟುಂಬಗಳು ಈ ಸಭೆಯಲ್ಲಿ ಎಷ್ಟಿವೆ? 2006ರಲ್ಲಿ ಸಲ್ಲಿಕೆಯಾದ ಸಾಚಾರ್ ಸಮಿತಿಯ ವರದಿಯು, ಮುಸ್ಲಿಮರು ಮನೆ ಕೊಳ್ಳುವಾಗಲೂ ಬಾಡಿಗೆಗೆ ಹುಡುಕುವಾಗಲೂ ಎದುರಿಸುವ ತಿರಸ್ಕಾರವನ್ನು ದಾಖಲಿಸಿದೆ. ಭದ್ರತೆಯ ಭಯದಿಂದ ತಮ್ಮವರೇ ಇರುವ ಕೇರಿಗಳಲ್ಲಿ ಒತ್ತೊತ್ತಾಗಿ ವಾಸಿಸುವ ಪ್ರವೃತ್ತಿಯನ್ನೂ ಅದು ಗುರುತಿಸಿದೆ.

ಹೀಗೆ ನಗರವೇ ಹೊರಗಟ್ಟಿದವನು ದೂರದ ಊರೊಂದನ್ನು ಸೇರಿದರೆ ಅದನ್ನು ಆಯ್ಕೆ ಎನ್ನಲಾದೀತೇ? ಆಡಳಿತ ನಡೆಸುವವರು ಉತ್ತರಿಸಬೇಕಾದ ಪ್ರಶ್ನೆ ಇದು. ಬಾಡಿಗೆ ಮನೆಯ ವಿಷಯದಲ್ಲಿ ನಡೆಯುವ ತಾರತಮ್ಯವನ್ನು ತಡೆಯಬಲ್ಲ ಬಲವಾದ ಕಾನೂನು ಬೇಕೆಂದು ನಾವು ಕೇಳುತ್ತಲೇ ಇರಬೇಕು. ಆದರೆ ಕಾನೂನು ಬರುವವರೆಗೆ ಬದುಕು ಕಾಯುವುದಿಲ್ಲ. ಬಲವಂತದ ನಡುವೆಯೂ ವಿವೇಕದಿಂದ ನಿರ್ಧರಿಸುವುದಕ್ಕೆ ಸ್ವಲ್ಪ ಜಾಗ ಇದ್ದೇ ಇರುತ್ತದೆ. ಆ ಜಾಗದ ಬಗ್ಗೆಯೇ ನನ್ನ ಮಾತು.

ನನ್ನದೇ ಒಂದು ಕಥೆ

ಈ ವಿಷಯವನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಹನ್ನೊಂದು ವರ್ಷ ತುಮಕೂರಿನಲ್ಲಿ ಮನೆ ಮಾಡಿಕೊಂಡು ಬೆಂಗಳೂರಿನ ಕಚೇರಿಯೊಂದಕ್ಕೆ ರೈಲಿನಲ್ಲಿ ಓಡಾಡಿದವನು. ಬೆಳಿಗ್ಗೆ ಬೆಳಕು ಹರಿಯುವ ಮುನ್ನ ಮನೆ ಬಿಡುತ್ತಿದ್ದೆ. ರಾತ್ರಿ ಒಂಬತ್ತೂವರೆಗೆ ಬಾಗಿಲು ತಟ್ಟುತ್ತಿದ್ದೆ. ಬಾಡಿಗೆಯಲ್ಲಿ ಎಷ್ಟು ಉಳಿಯಿತು ಎಂಬುದನ್ನು ಪ್ರತಿ ತಿಂಗಳೂ ಲೆಕ್ಕ ಹಾಕುತ್ತಿದ್ದೆ. ಆ ಲೆಕ್ಕ ಸರಿಯಾಗಿಯೇ ಇತ್ತು.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ವೃದ್ಧರಿದ್ದರು. ನಾವು ಆ ಊರಿಗೆ ಹೊಸದಾಗಿ ಬಂದಾಗ ಹಾಲಿನವನನ್ನು ಗೊತ್ತು ಮಾಡಿಕೊಟ್ಟವರು, ಮಗಳನ್ನು ಶಾಲೆಗೆ ಸೇರಿಸಲು ಜೊತೆಗೆ ಬಂದವರು ಅವರೇ. ಒಂದು ಭಾನುವಾರ ಬೆಳಿಗ್ಗೆ ಜಗಲಿಯಲ್ಲಿ ಕುಳಿತಿದ್ದಾಗ ಪತ್ನಿಯನ್ನು ಕೇಳಿದೆ: “ಪಕ್ಕದ ಮನೆಯ ತಾತ ಕಾಣುತ್ತಿಲ್ಲವಲ್ಲ, ಎಲ್ಲಾದರೂ ಹೋಗಿದ್ದಾರೆಯೇ?” ಆಕೆ ನನ್ನ ಮುಖವನ್ನೇ ನೋಡಿದಳು. “ಅವರು ತೀರಿಕೊಂಡು ಐದು ದಿನವಾಯಿತಲ್ಲಾರೀ. ನೀವು ಬರುವಾಗ ರಾತ್ರಿಯಾಗಿರುತ್ತದೆ, ಊಟ ಮಾಡಿ ಮಲಗುತ್ತೀರಿ. ಹೇಳಲು ಮರೆತೇಹೋಯಿತು” ಎಂದಳು.

ಸಹೋದರರೇ, ಗೋಡೆಯಾಚೆ ನಡೆದ ಮರಣವೊಂದು ಐದು ದಿನಗಳ ತನಕ ನನ್ನನ್ನು ತಲುಪಲಿಲ್ಲ. ನೆರೆಯವನ ಹಕ್ಕಿನ ಕುರಿತು ನಾನು ಅದೆಷ್ಟು ಉಪನ್ಯಾಸಗಳನ್ನು ಕೇಳಿದ್ದೆನೋ! ಆ ಜನಾಝಕ್ಕೆ ಹೆಗಲು ಕೊಡುವುದಿರಲಿ, ಅವರಿಲ್ಲ ಎಂಬ ಸುದ್ದಿಯೂ ನನ್ನ ಪಾಲಿಗೆ ಇರಲಿಲ್ಲ. ಅದಕ್ಕಿಂತಲೂ ನನ್ನನ್ನು ಚುಚ್ಚಿದ್ದು ಪತ್ನಿಯ ‘ಮರೆತೇಹೋಯಿತು’ ಎಂಬ ಮಾತು. ಊರಿನ ಸುದ್ದಿಯನ್ನು ಹಂಚಿಕೊಳ್ಳಬೇಕಾದ ವ್ಯಕ್ತಿಯಾಗಿ ನಾನು ಆ ಮನೆಯಲ್ಲಿ ಉಳಿದಿರಲಿಲ್ಲ. ಬಾಡಿಗೆಯ ಲೆಕ್ಕದಲ್ಲಿ ಈ ನಷ್ಟ ಎಲ್ಲಿಯೂ ಬರೆದಿರಲಿಲ್ಲ.

ಸಮಯದ ಲೆಕ್ಕ

ಆದ್ದರಿಂದ ಮೊದಲು ಸಮಯದ ಲೆಕ್ಕ ಹಾಕೋಣ. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ ಎಂದಿಟ್ಟುಕೊಳ್ಳಿ. ದಿನಕ್ಕೆ ನಾಲ್ಕು ಗಂಟೆ. ತಿಂಗಳಿಗೆ 25 ದಿನ ಕೆಲಸವಾದರೆ 100 ಗಂಟೆ. ವರ್ಷಕ್ಕೆ 1,200 ಗಂಟೆ, ಅಂದರೆ ಹಗಲೂ ರಾತ್ರಿಯೂ ಸೇರಿದ 50 ಪೂರ್ಣ ದಿನಗಳು. ದಿನಕ್ಕೆ ಎಂಟು ಗಂಟೆಯ ದುಡಿಮೆ ಎಂದು ನೋಡಿದರೆ 150 ದಿನಗಳ ದುಡಿಮೆಯಷ್ಟು ಸಮಯ ರೈಲಿನ, ಬಸ್ಸಿನ ಕಿಟಕಿಯ ಬಳಿ ಕಳೆದುಹೋಗುತ್ತದೆ. ಅದೂ ಕಿಟಕಿಯ ಬಳಿ ಜಾಗ ಸಿಕ್ಕಿದರೆ!

ಕರಪತ್ರಗಳು ಹೇಳುವ ಸಮಯ ನಿಲ್ದಾಣದಿಂದ ನಿಲ್ದಾಣಕ್ಕೆ. ನಮಗೆ ಬೇಕಾದದ್ದು ಮನೆಯ ಹೊಸ್ತಿಲಿನಿಂದ ಕಚೇರಿಯ ಮೇಜಿನವರೆಗಿನ ಸಮಯ. ಮನೆಯಿಂದ ನಿಲ್ದಾಣಕ್ಕೆ ಆಟೊ, ರೈಲಿಗಾಗಿ ಕಾಯುವಿಕೆ, ರೈಲು ಇಳಿದು ಮೆಟ್ರೊ, ಮೆಟ್ರೊ ಇಳಿದು ಇನ್ನೊಂದು ಬಸ್ಸು ಎಂದು ಪ್ರತಿಯೊಂದನ್ನೂ ಕೂಡಿಸಬೇಕು. ಹಣದ ಲೆಕ್ಕವೂ ಹಾಗೆಯೇ. ರೈಲಿನ ಮಾಸಿಕ ಸೀಸನ್ ಟಿಕೆಟ್ 150 ಕಿಲೋಮೀಟರ್ ದೂರದವರೆಗೆ ದೊರೆಯುತ್ತದೆ ಮತ್ತು ಅದು ಬಡವನ ಪಾಲಿಗೆ ನಿಜವಾದ ವರದಾನ. ಆದರೆ ಅದು ನಿಲ್ದಾಣದಲ್ಲೇ ಮುಗಿಯುತ್ತದೆ. ಅಲ್ಲಿಂದ ಮುಂದಿನ ಮೆಟ್ರೊ ಪ್ರಯಾಣದ ಗರಿಷ್ಠ ದರ 2025ರ ಫೆಬ್ರವರಿಯಲ್ಲಿ 60 ರೂಪಾಯಿಯಿಂದ 90 ರೂಪಾಯಿಗೆ ಏರಿತು. ಒಬ್ಬ ಸಾಮಾನ್ಯ ನೌಕರನ ತಿಂಗಳ ಲೆಕ್ಕ ತಲೆಕೆಳಗಾಗಲು ಇಷ್ಟು ಸಾಕು.

ಕೆಲಸ ಯಾವ ದಿಕ್ಕಿನಲ್ಲಿದೆ?

ಎರಡನೆಯ ವಿಷಯ ದಿಕ್ಕು. ಬೆಂಗಳೂರು ಒಂದೇ ನಗರವೆಂದು ನಾವು ದೂರದಿಂದ ಭಾವಿಸುತ್ತೇವೆ. ದಿನನಿತ್ಯದ ಪ್ರಯಾಣಿಕನಿಗೆ ಅದು ನಾಲ್ಕೈದು ನಗರಗಳ ಕೂಟ. ಪಶ್ಚಿಮದ ಊರಿನಲ್ಲಿ ವಾಸಿಸಿ ಪೂರ್ವದ ಕಚೇರಿಯಲ್ಲಿ ದುಡಿಯುವವನು ಪ್ರತಿದಿನವೂ ಇಡೀ ನಗರವನ್ನು ಸೀಳಿಕೊಂಡು ಹೋಗಬೇಕು. ಊರು ಹತ್ತಿರವಿದ್ದರೂ ಅವನ ಪಾಲಿಗೆ ದೂರವೇ. ಆದ್ದರಿಂದ ಊರನ್ನು ನೋಡುವ ಮೊದಲು ಕೆಲಸದ ಸ್ಥಳವನ್ನು ನಕ್ಷೆಯಲ್ಲಿ ಗುರುತಿಸಿ.

ಕೆಲಸ ಪೀಣ್ಯ ಅಥವಾ ಯಶವಂತಪುರದ ಕಡೆಗಿದ್ದರೆ ತುಮಕೂರು ಯೋಚಿಸತಕ್ಕ ಊರು. ಬೆಂಗಳೂರಿನಿಂದ ಸುಮಾರು 70 ಕಿ.ಮೀ. ದೂರ, ಜೋಡಿ ರೈಲು ಹಳಿ, ಹೆದ್ದಾರಿ ಎಲ್ಲವೂ ಇವೆ. ಯಶವಂತಪುರದಲ್ಲಿ ರೈಲು ಇಳಿದರೆ ಮೆಟ್ರೊ ಹತ್ತಿರದಲ್ಲೇ ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯವಾದುದೇನೆಂದರೆ, ತುಮಕೂರು ಬೆಂಗಳೂರನ್ನು ನಂಬಿ ಬದುಕುವ ಊರಲ್ಲ. ಅದು ಜಿಲ್ಲಾ ಕೇಂದ್ರ. ಅಲ್ಲಿ 2004ರಿಂದ ವಿಶ್ವವಿದ್ಯಾನಿಲಯವಿದೆ. ಇಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳಿವೆ, ಜಿಲ್ಲಾ ಆಸ್ಪತ್ರೆ ಇದೆ. ವಸಂತನರಸಾಪುರದ ಕೈಗಾರಿಕಾ ಪ್ರದೇಶ ಹತ್ತಿರದಲ್ಲಿದೆ. ಗುಬ್ಬಿ ತಾಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆಗೊಂಡಿದೆ. ಇಂದು ಬೆಂಗಳೂರಿಗೆ ಹೋಗುವವನು ನಾಳೆ ಅದೇ ಊರಿನಲ್ಲಿ ಕೆಲಸ ಕಂಡುಕೊಳ್ಳುವ ಸಾಧ್ಯತೆ ಅಲ್ಲಿದೆ.

ಕೆಲಸ ಬಿಡದಿ, ಕೆಂಗೇರಿ, ಮೈಸೂರು ರಸ್ತೆಯ ಕಡೆಗಿದ್ದರೆ ರಾಮನಗರ ಮತ್ತು ಚನ್ನಪಟ್ಟಣಗಳಿವೆ. ರಾಮನಗರ ಸುಮಾರು 50 ಕಿ.ಮೀ., ಚನ್ನಪಟ್ಟಣ ಸುಮಾರು 60 ಕಿ.ಮೀ. ದೂರ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ನಾಡಿಗೇ ಹೆಸರಾದುದು. ನೂಲು ಬಿಚ್ಚಾಣಿಕೆಯ ಕಸುಬಿನಲ್ಲಿ ನಮ್ಮ ಸಮುದಾಯದ ಬಹಳಷ್ಟು ಕುಟುಂಬಗಳು ತಲೆಮಾರುಗಳಿಂದ ದುಡಿಯುತ್ತಿವೆ. ಬಣ್ಣದ ಗೊಂಬೆಗಳ ಚನ್ನಪಟ್ಟಣವೂ ಹಾಗೆಯೇ ಸ್ವಂತ ಕಸುಬುಳ್ಳ ಊರು. ಮೈಸೂರು ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ ಈ ಊರುಗಳು ಹತ್ತಿರವಾದುವು ಎನ್ನಲಾಯಿತು. ಯಾರಿಗೆ ಹತ್ತಿರ? ಕಾರು ಇದ್ದವನಿಗೆ, ಶುಲ್ಕ ಕೊಡಬಲ್ಲವನಿಗೆ. ಅದೇ ವರ್ಷ ಆಗಸ್ಟ್ 1ರಿಂದ ಆ ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕು ಮತ್ತು ಆಟೊಗಳಿಗೆ ಪ್ರವೇಶವಿಲ್ಲ, ಅವು ಪಕ್ಕದ ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಬೈಕಿನಲ್ಲಿ ಓಡಾಡುವ ಯುವಕನಿಗೆ ಕರಪತ್ರದ ಆ 45 ನಿಮಿಷ ಅನ್ವಯಿಸುವುದೇ ಇಲ್ಲ. ಅವನಿಗೆ ರೈಲೇ ಗತಿ.

ಕೆಲಸ ವೈಟ್‌ಫೀಲ್ಡ್ ಕಡೆಗಿದ್ದರೆ ಮಾಲೂರು, ಬಂಗಾರಪೇಟೆಗಳ ರೈಲು ಮಾರ್ಗ ಅನುಕೂಲಕರ. 2023ರ ಅಕ್ಟೋಬರ್‌ನಿಂದ ಕಾಡುಗೋಡಿಯಿಂದ ಚಲ್ಲಘಟ್ಟದವರೆಗೆ ಮೆಟ್ರೊ ಒಂದೇ ಮಾರ್ಗವಾಗಿ ಓಡುತ್ತಿದೆ. ವೈಟ್‌ಫೀಲ್ಡಿನಲ್ಲಿ ರೈಲು ನಿಲ್ದಾಣಕ್ಕೆ ಹೊಂದಿಕೊಂಡಂತೆಯೇ ಮೆಟ್ರೊ ನಿಲ್ದಾಣವಿದೆ. ಇದೇ ಮಾರ್ಗದ ಕೊನೆಯಲ್ಲಿರುವ ಕೋಲಾರ ಚಿನ್ನದ ಗಣಿಯ ಪ್ರದೇಶವನ್ನು ಒಂದು ಕ್ಷಣ ನೆನೆಯಿರಿ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಗಣಿಗಾಗಿಯೇ ಹುಟ್ಟಿದ ಊರು ಕೆಲಸವಿಲ್ಲದೆ ಉಳಿಯಿತು. ಅಂದಿನಿಂದ ಇಂದಿನವರೆಗೂ ಅಲ್ಲಿನ ಸಾವಿರಾರು ಜನರು ನಸುಕಿನ ರೈಲು ಹಿಡಿದು ಬೆಂಗಳೂರಿಗೆ ಬಂದು, ರಾತ್ರಿ ಮರಳುತ್ತಾರೆ. ಅವರು ಪ್ರಯಾಣಿಕರ ಊರನ್ನು ಆರಿಸಿಕೊಂಡವರಲ್ಲ. ಅವರ ಊರೇ ಒಂದು ಬೆಳಗಾಗುವಷ್ಟರಲ್ಲಿ ಪ್ರಯಾಣಿಕರ ಊರಾಯಿತು. ಸ್ವಂತ ದುಡಿಮೆ ಕಳೆದುಕೊಂಡ ಊರಿನ ಬದುಕು ಹೇಗಿರುತ್ತದೆ ಎಂಬುದಕ್ಕೆ ಬೇರೆ ಪಾಠ ಬೇಕಾಗಿಲ್ಲ.

ವಿಮಾನ ನಿಲ್ದಾಣದ ಕಡೆಗೆ ಕೆಲಸವಿದ್ದವರಿಗೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರಗಳಿವೆ. ದೊಡ್ಡಬಳ್ಳಾಪುರದಲ್ಲಿ ನೇಕಾರಿಕೆ ಇದೆ, ಕೈಗಾರಿಕೆಗಳಿವೆ. ಎಲೆಕ್ಟ್ರಾನಿಕ್ ಸಿಟಿಯ ಕಡೆಯವರು ಹೊಸೂರನ್ನು ನೋಡುತ್ತಾರೆ. ಬೆಂಗಳೂರಿನಿಂದ ಸುಮಾರು 40 ಕಿ.ಮೀ. ಅಷ್ಟೇ. ಬೊಮ್ಮಸಂದ್ರದವರೆಗೆ ಮೆಟ್ರೊ 2025ರ ಆಗಸ್ಟ್‌ನಲ್ಲಿ ಆರಂಭವಾದ ಬಳಿಕ ಆ ಕಡೆಯ ಆಸಕ್ತಿ ಹೆಚ್ಚಿದೆ. ಆದರೆ ಹೊಸೂರು ತಮಿಳುನಾಡಿನಲ್ಲಿದೆ ಎಂಬುದನ್ನು ಮರೆಯಬೇಡಿ. ಅಲ್ಲಿಯ 2006ರ ಕಾಯಿದೆಯಂತೆ ಮಕ್ಕಳು ಹತ್ತನೆಯ ತರಗತಿಯವರೆಗೆ ತಮಿಳನ್ನು ಕಲಿಯಬೇಕು. ತಮಿಳು ಕಲಿಯುವುದು ಒಳ್ಳೆಯದೇ, ಭಾಷೆ ಯಾವುದೂ ಹೊರೆಯಲ್ಲ. ಆದರೆ ಎಂಟನೆಯ ತರಗತಿಯ ಮಗುವನ್ನು ನಡುವಿನಲ್ಲಿ ಕಿತ್ತು ಅಲ್ಲಿ ನೆಟ್ಟರೆ ಅದರ ಗತಿಯೇನು? ನಮ್ಮ ರಾಜ್ಯದ ವೃತ್ತಿಶಿಕ್ಷಣದ ಸರಕಾರಿ ಸೀಟುಗಳಿಗೆ ಸಾಮಾನ್ಯವಾಗಿ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕೆಂಬ ನಿಯಮವಿದೆ. ಹಿಂದುಳಿದ ವರ್ಗದ ನಮ್ಮ ಪ್ರಮಾಣಪತ್ರಕ್ಕೂ ಗಡಿಯಾಚೆ ಅದೇ ಬೆಲೆ ಇರುವುದಿಲ್ಲ. ತಂದೆಗೆ ಅರ್ಧ ಗಂಟೆ ಉಳಿಸಲು ಹೋಗಿ ಮಗಳ ಸೀಟನ್ನು ಕಳೆದುಕೊಳ್ಳುವ ವ್ಯಾಪಾರ ಲಾಭದ್ದಲ್ಲ. ಹೊಸೂರಿಗೆ ಹೋಗುವವರು ಇದನ್ನೆಲ್ಲ ಮೊದಲೇ ವಿಚಾರಿಸಿಕೊಂಡು ಹೋಗಲಿ.

ಬರಲಿರುವ ರೈಲನ್ನು ನಂಬಬೇಡಿ

ಇನ್ನೊಂದು ಎಚ್ಚರಿಕೆ. ನಿವೇಶನ ಮಾರುವವರು ‘ಬರಲಿರುವ’ ರೈಲನ್ನು ತೋರಿಸಿ ಬೆಲೆ ಹೇಳುತ್ತಾರೆ. ಬೆಂಗಳೂರಿಗೆ ಉಪನಗರ ರೈಲು ಬೇಕೆಂಬ ಪ್ರಸ್ತಾಪ ಮೊದಲು ಬಂದುದು 1983ರಲ್ಲಿ. ಕೇಂದ್ರ ಸಚಿವ ಸಂಪುಟ ಒಪ್ಪಿದ್ದು 2020ರಲ್ಲಿ. ಶಂಕುಸ್ಥಾಪನೆಯಾದುದು 2022ರ ಜೂನ್‌ನಲ್ಲಿ. 40 ತಿಂಗಳಲ್ಲಿ ಮುಗಿಯುವುದೆಂದು ಅಂದು ಭರವಸೆ ನೀಡಲಾಗಿತ್ತು. ಆ 40 ತಿಂಗಳು 2025ರಲ್ಲೇ ಕಳೆದುಹೋಗಿವೆ, ರೈಲು ಮಾತ್ರ ಬರಲಿಲ್ಲ. ಆ ಯೋಜನೆಯ ನಾಲ್ಕು ಮಾರ್ಗಗಳ ಒಟ್ಟು ಉದ್ದ ಸುಮಾರು 148 ಕಿ.ಮೀ. ಅವು ಕೊನೆಗೊಳ್ಳುವುದು ದೇವನಹಳ್ಳಿ, ಚಿಕ್ಕಬಾಣಾವರ, ಕೆಂಗೇರಿ, ವೈಟ್‌ಫೀಲ್ಡ್, ಹೀಲಲಿಗೆ, ರಾಜಾನುಕುಂಟೆಗಳಲ್ಲಿ. ತುಮಕೂರು, ರಾಮನಗರ, ಬಂಗಾರಪೇಟೆಗಳು ಆ ಪಟ್ಟಿಯಲ್ಲೇ ಇಲ್ಲ. ಆದ್ದರಿಂದ ಇಂದು ಓಡುತ್ತಿರುವ ರೈಲನ್ನು ನೋಡಿ ಮನೆ ಮಾಡಿ. ನಾಳೆಯ ರೈಲು ಬಂದರೆ ಅದು ಲಾಭ, ಬರದಿದ್ದರೂ ಮನೆಯ ನೆಮ್ಮದಿ ಕೆಡಬಾರದು.

ನಿವೇಶನ ಕೊಳ್ಳುವವರು ಕಾಗದಪತ್ರಗಳನ್ನು ವಕೀಲರಿಂದ ಓದಿಸದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕೃಷಿಭೂಮಿ ವಸತಿಗಾಗಿ ಪರಿವರ್ತನೆಯಾಗಿದೆಯೇ, ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಒಪ್ಪಿಗೆ ಇದೆಯೇ, ಋಣಭಾರ ಪತ್ರ ಶುದ್ಧವಾಗಿದೆಯೇ, ಇ-ಖಾತೆ ಇದೆಯೇ ಎಂಬುದನ್ನು ಪರಿಶೀಲಿಸಿ. 500 ಚದರ ಮೀಟರಿಗಿಂತ ದೊಡ್ಡದಾದ ಬಡಾವಣೆ 2016ರ ರೇರಾ ಕಾಯಿದೆಯಡಿ ನೋಂದಣಿಯಾಗಿರಬೇಕು. ಆ ಜಮೀನಿನ ಮೇಲೆ ಭೂಸ್ವಾಧೀನದ ಅಧಿಸೂಚನೆ ಇದೆಯೇ ಎಂಬುದನ್ನೂ ಕೇಳಿ. ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಭೂಮಿಯ ಸ್ವಾಧೀನವನ್ನು ಸರಕಾರ ಕೈಬಿಟ್ಟದ್ದು ರೈತರು ಮೂರು ವರ್ಷಗಳಿಗೂ ಹೆಚ್ಚು ಕಾಲ ಹೋರಾಡಿದ ನಂತರ, 2025ರ ಜುಲೈಯಲ್ಲಿ. ನಗರದ ಅಂಚಿನ ಭೂಮಿಯ ಮೇಲೆ ಯಾರ ಯಾರ ಕಣ್ಣಿರುತ್ತದೆ ಎಂಬುದನ್ನು ಇದು ತೋರಿಸುತ್ತದೆ. ‘ನಮ್ಮವರೇ ಮಾರುತ್ತಿದ್ದಾರೆ, ಮೋಸವಾಗದು’ ಎಂಬ ಮಾತಿಗೆ ಮರುಳಾಗಿ ಜೀವಮಾನದ ಉಳಿತಾಯ ಕಳೆದುಕೊಂಡವರನ್ನು ನಾನು ಬಲ್ಲೆ. ವಿಶ್ವಾಸ ಎಂಬುದು ದಾಖಲೆಗೆ ಬದಲಿಯಾಗಲಾರದು.

ಉಳಿಯುವವರ ಹಗಲು

ಈಗ ನಾನು ಆರಂಭದಲ್ಲಿ ಹೇಳಿದ ವಿಷಯಕ್ಕೆ ಬರುತ್ತೇನೆ. ದುಡಿಯಲು ಹೋಗುವವನಿಗೆ ಆ ಊರು ರಾತ್ರಿ ಮಲಗುವ ಸ್ಥಳ. ಪತ್ನಿ, ಮಕ್ಕಳು, ವೃದ್ಧ ತಂದೆ-ತಾಯಿಗೆ ಅದು ಇಡೀ ಬದುಕು. ಹೀಗಿರುವಾಗ ಅವರೊಡನೆ ಒಂದು ಮಾತೂ ಕೇಳದೆ ಊರನ್ನು ನಿಶ್ಚಯಿಸುವುದು ನ್ಯಾಯವೇ?

ಹಗಲು ಹೊತ್ತಿನಲ್ಲಿ, ನೀವು ಇಲ್ಲದಿರುವಾಗ, ಆ ಊರು ಹೇಗಿರುತ್ತದೆ ಎಂದು ಕಲ್ಪಿಸಿಕೊಳ್ಳಿ. ಮಧ್ಯಾಹ್ನ ಎರಡು ಗಂಟೆಗೆ ತಾಯಿಗೆ ಎದೆನೋವು ಬಂದರೆ ಮನೆಯವರು ಯಾರನ್ನು ಕರೆಯುತ್ತಾರೆ? ಎಷ್ಟು ಹೊತ್ತಿಗೆ ವೈದ್ಯರು ಸಿಗುತ್ತಾರೆ? ನೀವಂತೂ ಸಂಜೆಯವರೆಗೆ ತಲುಪಲಾರಿರಿ. ಮಗಳು ಹತ್ತನೆಯ ತರಗತಿ ಮುಗಿಸಿದ ಬಳಿಕ ಅದೇ ಊರಿನಲ್ಲಿ ವಿಜ್ಞಾನ ಓದಲು ಕಾಲೇಜು ಇದೆಯೇ? ಇಲ್ಲವಾದರೆ ಒಂದು ವಿಷಯವನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಕಾಲೇಜು ದೂರವಾದಾಗ ಮಗ ಬಸ್ಸು ಹತ್ತುತ್ತಾನೆ, ಮಗಳ ಓದು ನಿಲ್ಲುತ್ತದೆ. ನಮ್ಮ ಎಷ್ಟೋ ಮನೆಗಳಲ್ಲಿ ಹೀಗೆ ನಡೆದಿದೆ. ಆಗ ‘ಪರಿಸ್ಥಿತಿ ಹಾಗಿತ್ತು’ ಎನ್ನುತ್ತೇವೆ. ಆ ಪರಿಸ್ಥಿತಿಯನ್ನು ತಂದದ್ದು ಹತ್ತು ವರ್ಷದ ಹಿಂದೆ ಅಗ್ಗದ ನಿವೇಶನಕ್ಕೆ ಮುಂಗಡ ಕೊಟ್ಟ ನಾವೇ ಎಂಬುದನ್ನು ಮಾತ್ರ ನೆನೆಯುವುದಿಲ್ಲ.

ಪತ್ನಿ ಓದಿದವಳಾಗಿದ್ದರೆ ಅವಳ ಓದಿಗೆ ಆ ಊರಿನಲ್ಲಿ ಕೆಲಸವಿದೆಯೇ? 2023ರ ಜೂನ್‌ನಿಂದ ರಾಜ್ಯ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ದೊರೆತಿದೆ. ಅದರಿಂದ ಅನೇಕ ಹೆಣ್ಣುಮಕ್ಕಳ ಓದು, ಉದ್ಯೋಗ ಉಳಿದಿದೆ. ಆದರೆ ಮನೆಯ ಬಳಿ ಬಸ್ಸೇ ಬರದ ಬಡಾವಣೆಯಲ್ಲಿ ಉಚಿತ ಟಿಕೆಟ್ ಏನು ಮಾಡೀತು? ಸಂಜೆ ಏಳಕ್ಕೆ ಬಸ್ಸು ಇಳಿದು ಮನೆಗೆ ನಡೆಯುವ ದಾರಿಯಲ್ಲಿ ದೀಪವಿದೆಯೇ, ಅಂಗಡಿಗಳು ತೆರೆದಿರುತ್ತವೆಯೇ ಎಂಬುದನ್ನು ಹೆಣ್ಣುಮಕ್ಕಳೇ ಹೋಗಿ ನೋಡಿ ಹೇಳಲಿ. ಅವರ ಮಾತಿಗೆ ಬ್ರೋಕರ್‌ನ ಮಾತಿಗಿಂತ ಹೆಚ್ಚು ಬೆಲೆ ಇರಲಿ.

ನೀರಿನ ಬಗ್ಗೆಯೂ ಕೇಳಿ. ತುಮಕೂರಿಗೆ ಹೇಮಾವತಿಯ ನೀರು ಬುಗುಡನಹಳ್ಳಿ ಕೆರೆಯ ಮೂಲಕ ಬರುತ್ತದೆ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯೇ ಇಲ್ಲ. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಅಲ್ಲಿನ ಕೆರೆಗಳಿಗೆ ತುಂಬಲಾಗುತ್ತಿದೆ. ನಲ್ಲಿ ತಿರುಗಿಸುವವನು ಕೆಲಸಕ್ಕೆ ಹೋಗುವವನಲ್ಲ. ವಾರಕ್ಕೆ ಎಷ್ಟು ದಿನ ನೀರು ಬರುತ್ತದೆ, ಬೇಸಿಗೆಯಲ್ಲಿ ಟ್ಯಾಂಕರಿಗೆ ಎಷ್ಟು ಖರ್ಚಾಗುತ್ತದೆ ಎಂಬ ಪ್ರಶ್ನೆಗೆ ಆ ಬೀದಿಯ ಗೃಹಿಣಿಯರು ಕೊಡುವ ಉತ್ತರವೇ ನಿಜವಾದುದು.

ನೆರೆಹೊರೆ ಮತ್ತು ಮತ

ಬೆಂಗಳೂರಿಗೆ ಇಂದು ಬಂದೊದಗಿರುವುದು ಮುಂಬೈಗೆ ಎಂದೋ ಬಂದಿತ್ತು. ಕರಾವಳಿಯಿಂದ ಹೋದ ನಮ್ಮ ಅನೇಕ ಕುಟುಂಬಗಳಿಗೆ ಅಲ್ಲಿನ ಲೋಕಲ್ ರೈಲಿನ ಬದುಕು ಚೆನ್ನಾಗಿ ಗೊತ್ತು. 1992-93ರ ಗಲಭೆಗಳ ನಂತರ ಬಹಳಷ್ಟು ಮುಸ್ಲಿಮ್ ಕುಟುಂಬಗಳು ಥಾಣೆಯ ಆಚೆಗಿನ ಮುಂಬ್ರಾವನ್ನು ಸೇರಿದುವು. ಅಲ್ಲಿ ಅವರಿಗೆ ನೆಲೆ ಸಿಕ್ಕಿತು, ಸುರಕ್ಷೆಯ ಭಾವವೂ ಸಿಕ್ಕಿತು. ಆದರೆ ಜನ ಬೆಳೆದಷ್ಟು ವೇಗವಾಗಿ ನೀರು, ರಸ್ತೆ, ಆಸ್ಪತ್ರೆಗಳು ಬೆಳೆಯಲಿಲ್ಲ. 2025ರ ಜೂನ್ 9ರಂದು ಅದೇ ಮುಂಬ್ರಾದ ಬಳಿ ಕಿಕ್ಕಿರಿದ ಲೋಕಲ್ ರೈಲುಗಳ ಬಾಗಿಲಿನಿಂದ ಪ್ರಯಾಣಿಕರು ಹಳಿಗೆ ಬಿದ್ದು ಪ್ರಾಣ ಕಳೆದುಕೊಂಡರು. ಕೆಲಸಕ್ಕೆ ಹೊರಟವರು ಮನೆಗೆ ಮರಳಲಿಲ್ಲ.

ಇದರಿಂದ ಎರಡು ಪಾಠಗಳಿವೆ. ತಮ್ಮವರೇ ಇರುವ ಬೀದಿ ಬೇಕೆಂಬ ಆಸೆಗೆ ಕಾರಣವಿದೆ, ಅದನ್ನು ಯಾರೂ ಹೀಯಾಳಿಸಬಾರದು. ಮಸೀದಿ, ಮದ್ರಸ ಹತ್ತಿರವಿರಬೇಕೆಂದು ಬಯಸುವುದು ಸಹಜ. ಆದರೆ ಅದೊಂದನ್ನೇ ಮಾನದಂಡ ಮಾಡಿಕೊಂಡರೆ ಆಸ್ಪತ್ರೆ, ಕಾಲೇಜು, ಗ್ರಂಥಾಲಯಗಳು ದೂರವಾಗುತ್ತವೆ. ಬೇರೆ ಸಮುದಾಯದ ಮಕ್ಕಳ ಜೊತೆ ಆಡಿ ಬೆಳೆಯುವ ಭಾಗ್ಯದಿಂದ ನಮ್ಮ ಮಕ್ಕಳು ವಂಚಿತರಾಗುತ್ತಾರೆ. ನನ್ನ ಮಗಳನ್ನು ಶಾಲೆಗೆ ಸೇರಿಸಲು ಬಂದ ಆ ಪಕ್ಕದ ಮನೆಯ ತಾತನಂಥವರು ಎಲ್ಲ ಸಮುದಾಯಗಳಲ್ಲಿಯೂ ಇರುತ್ತಾರೆ. ಅವರ ಪರಿಚಯವಾಗಲು ನಾವು ಅವರ ನಡುವೆ ಇರಬೇಕು.

ಎರಡನೆಯದು ಮತ. ದಿನನಿತ್ಯ ಓಡಾಡುವವನು ಯಾವ ಊರಿಗೂ ಸೇರದವನಾಗುತ್ತಾನೆ. ದುಡಿಯುವ ನಗರದಲ್ಲಿ ಅವನಿಗೆ ಮತವಿಲ್ಲ. ಮಲಗುವ ಊರಿನ ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಲು ಅವನಿಗೆ ಪುರುಸೊತ್ತಿಲ್ಲ. ಹುಟ್ಟೂರಿನ ಪಟ್ಟಿಯಿಂದ ಹೆಸರು ಬಿಟ್ಟುಹೋಗಿರುತ್ತದೆ. ಇಂತಹವರೇ ತುಂಬಿರುವ ಬಡಾವಣೆಯ ಚರಂಡಿಯನ್ನು ಯಾವ ಪುರಸಭಾ ಸದಸ್ಯ ನೋಡಿಯಾನು? ಹೊಸ ಊರಿಗೆ ಹೋದವರು ಮೊದಲ ತಿಂಗಳಲ್ಲೇ ಮತದಾರರ ಪಟ್ಟಿಗೆ ಸೇರಲಿ. ಶಾಲೆಯ ಅಭಿವೃದ್ಧಿ ಸಮಿತಿಯ ಸಭೆಗೆ ತಾಯಂದಿರು ಹೋಗಲಿ. ರೈಲಿನ ಸಮಯ ಬದಲಾದರೆ ಎಲ್ಲ ಸಮುದಾಯದ ಪ್ರಯಾಣಿಕರೊಡನೆ ಸೇರಿ ಮನವಿ ಕೊಡಲಿ. ಬಾಡಿಗೆಗಿದ್ದರೂ ಆ ಊರಿನ ಪ್ರಜೆಯಾಗಿ ಬದುಕಬೇಕು.

ಕೊನೆಯದಾಗಿ

ಯುವಕರೇ, ಊರನ್ನು ನಿಶ್ಚಯಿಸುವ ಮೊದಲು ಒಂದು ವಾರ ಆ ಪ್ರಯಾಣವನ್ನು ಮಾಡಿ ನೋಡಿ. ರಜಾದಿನದ ಖಾಲಿ ರಸ್ತೆಯಲ್ಲಿ ನೋಡಬೇಡಿ. ಸೋಮವಾರದ ಬೆಳಗಿನ ಬಂಡಿಯಲ್ಲಿ ನಿಂತುಕೊಂಡು ಹೋಗಿ, ಮಳೆ ಸುರಿಯುವ ಸಂಜೆ ಮರಳಿ ಬನ್ನಿ. ಕೊನೆಯ ರೈಲು ತಪ್ಪಿದರೆ ಯಾವ ದಾರಿ ಇದೆ ಎಂದು ತಿಳಿದುಕೊಳ್ಳಿ. ನಿವೇಶನ ಕೊಳ್ಳುವ ಮೊದಲು ಕನಿಷ್ಠ ಆರು ತಿಂಗಳು ಬಾಡಿಗೆಗೆ ಇದ್ದು ಒಂದು ಬೇಸಿಗೆಯನ್ನು ಕಳೆಯಿರಿ. ಎರಡು ಊರುಗಳ ನಡುವೆ ಆಯ್ಕೆ ಬಂದಾಗ, ಬೆಂಗಳೂರಿಗೆ ಹತ್ತು ಕಿಲೋಮೀಟರ್ ಹತ್ತಿರವಿರುವ ಖಾಲಿ ಬಡಾವಣೆಗಿಂತ, ತನ್ನದೇ ಮಾರುಕಟ್ಟೆ, ಆಸ್ಪತ್ರೆ, ಕಾಲೇಜು, ಕಸುಬು ಇರುವ ಊರು ಮೇಲು. ಅಂತಿಮ ತೀರ್ಮಾನಕ್ಕೆ ಮುನ್ನ ಮನೆಯವರೆಲ್ಲರನ್ನೂ ಕೂರಿಸಿ ಕೇಳಿ. ಪರಸ್ಪರ ಸಮಾಲೋಚನೆ ನಮ್ಮ ಧರ್ಮ ಕಲಿಸಿದ ಕ್ರಮವಲ್ಲವೇ? ಅದು ಜಮಾಅತಿನ ಸಭೆಗೆ ಮಾತ್ರ ಮೀಸಲಾದುದಲ್ಲ, ಅಡುಗೆಮನೆಗೂ ಅನ್ವಯಿಸುತ್ತದೆ.

ಹೆತ್ತವರೇ, ಮಗ ದಿನಾ ಮನೆಗೆ ಬರುತ್ತಾನೆ ಎಂಬುದರಲ್ಲಿಯೇ ತೃಪ್ತರಾಗಬೇಡಿ. ಅವನು ಬರುವಾಗ ಮಗು ಎಚ್ಚರವಾಗಿರುತ್ತದೆಯೇ ಎಂದು ಕೇಳಿ. ನಗರದ ಒಳಗಿನ ಎರಡು ಕೋಣೆಯ ಮನೆಯೇ ಕೆಲವೊಮ್ಮೆ ದೂರದ ದೊಡ್ಡ ಮನೆಗಿಂತ ವಿಶಾಲವಾಗಿರುತ್ತದೆ. ಕೆಲವೊಮ್ಮೆ ಕಡಿಮೆ ಸಂಬಳದ ಕೆಲಸವನ್ನು ನಮ್ಮದೇ ಪಟ್ಟಣದಲ್ಲಿ ಒಪ್ಪಿಕೊಳ್ಳುವುದೂ ಜಾಣತನವೇ. ಅದನ್ನು ಸೋಲೆಂದು ತಿಳಿದು ಅವನನ್ನು ಹಂಗಿಸಬೇಡಿ.

ನಾನು ಹನ್ನೊಂದನೆಯ ವರ್ಷದಲ್ಲಿ ಬೆಂಗಳೂರಿನ ಕೆಲಸ ಬಿಟ್ಟು ತುಮಕೂರಿನಲ್ಲೇ ಕಡಿಮೆ ಸಂಬಳದ ಕೆಲಸಕ್ಕೆ ಸೇರಿದೆ. ಮೊದಲ ದಿನ ಸಂಜೆ ಆರಕ್ಕೆ ಮನೆಗೆ ಬಂದಾಗ ಬಾಗಿಲು ತೆರೆದ ಮಗಳು, “ಅಬ್ಬಾ, ರೈಲು ಇರಲಿಲ್ಲವೇ?” ಎಂದು ಕೇಳಿದಳು. ಮಗ್ರಿಬ್ ನಮಾಝಿನ ಬಳಿಕ ನಾನು ಪಕ್ಕದ ಮನೆಗೆ ಹೋದೆ. ತಾತನ ಮಗ ಹೊರಬಂದು, “ನೀವು ಯಾರು?” ಎಂದು ಕೇಳಿದರು. ಒಂದೇ ಗೋಡೆಯ ಈಚೆಗೆ ಅಷ್ಟು ವರ್ಷ ಬದುಕಿದವನು ಅಂದು ನನ್ನ ಹೆಸರು ಹೇಳಿ ಪರಿಚಯ ಮಾಡಿಕೊಂಡೆ. ಆಗಬೇಕಾಗಿದ್ದುದಕ್ಕಿಂತ ಬಹಳ ತಡವಾಗಿತ್ತು. ನಿಮ್ಮ ಮಕ್ಕಳಿಗೆ ಅಷ್ಟು ತಡವಾಗದಿರಲಿ ಎಂದು ಹಾರೈಸುತ್ತಾ ನನ್ನ ಮಾತುಗಳನ್ನು ಮುಗಿಸುತ್ತೇನೆ.